ಮಗನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಬಹುದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಸಣ್ಣ ಕಾಫಿ ತೋಟ ಇದೆ. ಮಗನಿಗೆ ಹಾಸನದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಲ್ಯಾಪ್‌ಟಾಪ್ ಬೇಕು, ಅದೂ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಹಟ ಹಿಡಿದಿದ್ದಾನೆ. 90 ಸಾವಿರದವರೆಗೆ ಆಗುತ್ತಂತೆ. ಗೇಮ್ ಆಡಿದರೆ ಲ್ಯಾಪ್‌ಟಾಪ್ ಬೇಗ ಹಾಳಾಗುತ್ತೆ ಅಂತ ಒಬ್ಬರು ಹೇಳುತ್ತಾರೆ, ಏನೂ ಆಗಲ್ಲ ಅಂತ ಇನ್ನೊಬ್ಬರು. ಅದೇ ದುಡ್ಡಿಗೆ ಮನೆಗೊಂದು ಡೆಸ್ಕ್‌ಟಾಪ್ ತರುವುದು ಒಳ್ಳೆಯದಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಓದು ಕೆಡುತ್ತೇನೋ ಅನ್ನುವ ಭಯವೂ ಇದೆ.

ಉತ್ತರ: ನಮಸ್ಕಾರ ಸರ್. ಕೊಡಿಸಿ. ನಿಮ್ಮ ಮನೆಯ ಪರಿಸ್ಥಿತಿಗೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪೇ ಸರಿ. ಆದರೆ ಯಾವುದನ್ನು ಕೊಡಿಸುತ್ತೀರಿ, ಅದನ್ನು ಅವನು ಹೇಗೆ ನೋಡಿಕೊಳ್ಳುತ್ತಾನೆ ಅನ್ನುವುದರ ಮೇಲೆ ಅದು ನಾಲ್ಕು ವರ್ಷ ಬಾಳುತ್ತಾ, ಎರಡೇ ವರ್ಷಕ್ಕೆ ರಿಪೇರಿಗೆ ಬರುತ್ತಾ ಅನ್ನುವುದು ನಿಂತಿದೆ. ಹಾಸನದಲ್ಲಿ ಲ್ಯಾಪ್‌ಟಾಪ್ ರಿಪೇರಿಯೇ ನನ್ನ ಕೆಲಸ. ಹಾಗಾಗಿ ಬಿಚ್ಚಿದಾಗ ಒಳಗೆ ಏನು ಕಾಣುತ್ತೆ ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಲ್ಯಾಪ್‌ಟಾಪ್‌ನಲ್ಲಿ ಪರದೆ, ಕೀಬೋರ್ಡ್, ಬ್ಯಾಟರಿ, ಲೆಕ್ಕವೆಲ್ಲ ಮಾಡುವ ಪ್ರೊಸೆಸರ್, ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಎಲ್ಲವೂ ಎರಡು ಬೆರಳು ದಪ್ಪದ ಒಂದೇ ಮೈಯೊಳಗೆ ಇರುತ್ತವೆ. ಅದರ ಲಾಭ ಬರುವುದೂ ಇದರಿಂದಲೇ, ತೊಂದರೆ ಬರುವುದೂ ಇದರಿಂದಲೇ.

ಲಾಭದ ಕಡೆಯಿಂದ ಶುರು ಮಾಡೋಣ, ಅದರಲ್ಲೂ ಕರೆಂಟಿನಿಂದ. ಮಲೆನಾಡಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋದರೆ ಕೆಲವೊಮ್ಮೆ ದಿನಗಟ್ಟಲೆ ಕರೆಂಟ್ ಇರಲ್ಲ. ಬಂದಾಗಲೂ ಹೋಗಿ ಬಂದು ಮಾಡುತ್ತಿರುತ್ತೆ. ಡೆಸ್ಕ್‌ಟಾಪ್ ಆದರೆ ಪ್ರತಿ ಸಲ ಧಡಕ್ಕಂತ ಆಫ್ ಆಗುತ್ತೆ. ಅದಕ್ಕೆ ಯುಪಿಎಸ್ ಬೇಕು. ಸಾಮಾನ್ಯವಾಗಿ ಅಂಗಡಿಯಲ್ಲಿ ಕೊಡುವ 600 ವಿಎ ಯುಪಿಎಸ್‌ನೊಳಗೆ ಇರುವುದು 12 ವೋಲ್ಟ್, 7 ಆಂಪ್‌ಅವರ್‌ನ ಒಂದೇ ಬ್ಯಾಟರಿ. 300 ವ್ಯಾಟ್ ಎಳೆಯುವ ಗೇಮಿಂಗ್ ಡೆಸ್ಕ್‌ಟಾಪ್‌ಗೆ ಅದು ಕೆಲವೇ ನಿಮಿಷ ಸಾಕಾಗುತ್ತೆ. ಕೆಲಸ ಸೇವ್ ಮಾಡಿ ಬಂದ್ ಮಾಡಬಹುದು, ಅಷ್ಟೆ. ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ. ಕರೆಂಟ್ ಹೋದದ್ದು ಅದಕ್ಕೆ ಗೊತ್ತೇ ಆಗಲ್ಲ.

ವೋಲ್ಟೇಜ್ ವಿಷಯವೂ ಹಾಗೆಯೇ. ಲ್ಯಾಪ್‌ಟಾಪ್ ಚಾರ್ಜರ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಓದಿ ನೋಡಿ. ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇರುತ್ತೆ. ಲೈನ್ ಕೊನೆಯ ಮನೆಯಲ್ಲಿ ಸಂಜೆ 160ಕ್ಕೆ ಇಳಿದರೂ ಅದಕ್ಕೆ ಚಿಂತೆ ಇಲ್ಲ. ಅದರ ಕೆಳಗೇ ಔಟ್‌ಪುಟ್ 20 ವೋಲ್ಟ್, 11.5 ಆಂಪ್ ಅಂತ ಇದ್ದರೆ ಗುಣಿಸಿ: 230 ವ್ಯಾಟ್ ಚಾರ್ಜರ್. ಈ ಲೆಕ್ಕ ಕೊಳ್ಳುವಾಗಲೂ ಬೇಕಾಗುತ್ತೆ, ಮುಂದೆ ಹೇಳುತ್ತೇನೆ. ಕೆಲವು ದೊಡ್ಡ ಚಾರ್ಜರ್‌ಗಳಿಗೆ 16 ಆಂಪ್‌ನ ದಪ್ಪ ಪಿನ್ ಬರುತ್ತೆ. ಹಾಸ್ಟೆಲ್ ರೂಮಲ್ಲಿ ಅಂಥ ಸಾಕೆಟ್ ಇರೋದು ಕಷ್ಟ, ಮೊದಲೇ ನೋಡಿಕೊಳ್ಳಿ.

ಇನ್ವರ್ಟರ್ ಇದ್ದರೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. 12 ವೋಲ್ಟ್, 150 ಆಂಪ್‌ಅವರ್‌ನ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್‌ಅವರ್ ಇರುತ್ತೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಲ್ಯಾಪ್‌ಟಾಪ್‌ನಲ್ಲಿ ಬರೀ ಓದು, ಕೋಡಿಂಗ್ ಆದರೆ 20ರಿಂದ 30 ವ್ಯಾಟ್ ಸಾಕು. ಅದೇ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಗೇಮ್ ಆಡಿದರೆ 180 ವ್ಯಾಟ್‌ವರೆಗೆ ಹೋಗಬಹುದು. 4 ಗಂಟೆ ಆಡಿದರೆ 700 ವ್ಯಾಟ್‌ಅವರ್ ಖಾಲಿ. ಮಳೆಗಾಲದಲ್ಲಿ ಮನೆಯವರ ದೀಪಕ್ಕೆ, ಮೊಬೈಲ್ ಚಾರ್ಜ್‌ಗೆ ಇರಬೇಕಾದದ್ದು ಅದು. ಇನ್ವರ್ಟರ್ ಮೇಲೆ ಓದು ಸರಿ, ಆಟ ಬೇಡ. ಈ ಲೆಕ್ಕ ಹೇಳಿದರೆ ಇಂಜಿನಿಯರಿಂಗ್ ಸೇರುವ ಹುಡುಗನಿಗೆ ಅರ್ಥವಾಗುತ್ತೆ.

ಇಲ್ಲೇ ಅರ್ಥಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಯಾರೂ ಕೇಳುವುದೇ ಇಲ್ಲ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ, ಅಂಗೈ ಇಡುವ ಜಾಗವನ್ನು ಮೆಲ್ಲಗೆ ಸವರಿದರೆ ಜುಮ್ಮೆನ್ನುತ್ತೆ ಅಂತ ಎಷ್ಟೋ ಜನ ಬರುತ್ತಾರೆ. ಟೆಸ್ಟರ್ ಮುಟ್ಟಿಸಿದರೆ ಮಂದವಾಗಿ ಉರಿಯುತ್ತೆ. ಬಹುತೇಕ ಸಲ ಲ್ಯಾಪ್‌ಟಾಪ್ ಕೆಟ್ಟಿರಲ್ಲ. ಚಾರ್ಜರ್ ಒಳಗಿನ ಫಿಲ್ಟರ್‌ನಿಂದ ಸೋರುವ ಒಂಚೂರು ಕರೆಂಟ್ ಮೂರನೇ ಪಿನ್ ಮೂಲಕ ನೆಲಕ್ಕೆ ಹೋಗಬೇಕು. ಮನೆಯಲ್ಲಿ ಅರ್ಥ್ ಸರಿ ಇಲ್ಲದಿದ್ದರೆ ಅದು ಲ್ಯಾಪ್‌ಟಾಪ್ ಮೈಗೆ ಬರುತ್ತೆ. ಹಳೆಯ ತೋಟದ ಮನೆಗಳಲ್ಲಿ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಚೆಕ್ ಮಾಡಿಸಿ, ಗುಂಡಿಗೆ ನೀರು ಹಾಕಿಸಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸುವುದು ಬೇಡವೇ ಬೇಡ. ಮತ್ತೆ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಸ್ಪೈಕ್ ಗಾರ್ಡ್ ನಂಬಿ ಕೂರಬೇಡಿ. ಗುಡುಗು ಕೇಳಿದ ಕೂಡಲೇ ಚಾರ್ಜರ್ ಕಿತ್ತುಬಿಡಿ. ಬ್ಯಾಟರಿ ಇರುವುದರಿಂದ ಕೆಲಸ ನಿಲ್ಲಲ್ಲ. ಡೆಸ್ಕ್‌ಟಾಪ್‌ನಲ್ಲಿ ಈ ಅನುಕೂಲ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಗೇಮ್ ಆಡಿದರೆ ಲ್ಯಾಪ್‌ಟಾಪ್ ಹಾಳಾಗುತ್ತಾ? ಗೇಮ್‌ನಿಂದ ಅಲ್ಲ, ಬಿಸಿಯಿಂದ. ಗೇಮ್ ಓಡುವಾಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಒಟ್ಟಿಗೆ ದುಡಿಯುತ್ತವೆ. ಡೆಸ್ಕ್‌ಟಾಪ್‌ನಲ್ಲಿ ಅವೆರಡಕ್ಕೂ ಬೇರೆ ಬೇರೆ ದೊಡ್ಡ ಫ್ಯಾನ್, ಬೇಕಾದಷ್ಟು ಜಾಗ. ಲ್ಯಾಪ್‌ಟಾಪ್‌ನಲ್ಲಿ ತೆಳುವಾದ ತಾಮ್ರದ ಪೈಪು, ಎರಡು ಸಣ್ಣ ಫ್ಯಾನು. ಅದಕ್ಕೇ ಪ್ರೊಸೆಸರ್ 95 ಡಿಗ್ರಿ ದಾಟುವುದು ಅದರಲ್ಲಿ ಅಪರೂಪವಲ್ಲ. ಹೆದರಬೇಡಿ, ಈಗಿನ ಪ್ರೊಸೆಸರ್‌ಗಳಿಗೆ 95ರಿಂದ 105 ಡಿಗ್ರಿಯ ಆಸುಪಾಸಿನಲ್ಲಿ ಒಂದು ಮಿತಿ ಇಟ್ಟಿರುತ್ತಾರೆ. ಅಲ್ಲಿಗೆ ಮುಟ್ಟಿದರೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತೆ. ಆಟ ಸ್ವಲ್ಪ ಹೊತ್ತಾದ ಮೇಲೆ ತಡವರಿಸಲು ಶುರುವಾದರೆ ಎಷ್ಟೋ ಸಲ ಕಾರಣ ಇದೇ. ಹಾಗಾಗಿ ಚಿಪ್ಪೇ ಸುಟ್ಟುಹೋಗುವುದು ಕಡಿಮೆ. ವರ್ಷಗಟ್ಟಲೆ ಬಿಸಿಯಲ್ಲಿ ಸೊರಗುವುದು ಪಕ್ಕದಲ್ಲಿರುವ ಬ್ಯಾಟರಿ, ಫ್ಯಾನು ಮತ್ತು ಚಿಪ್‌ನ ಬಿಸಿಯನ್ನು ತಾಮ್ರದ ಪೈಪಿಗೆ ದಾಟಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್.

ನಮ್ಮ ಊರಿನ ಹವೆ ಇದಕ್ಕೆ ತುಂಬ ಒಳ್ಳೆಯದು. ಹಾಸನ 900 ಮೀಟರ್‌ಗೂ ಎತ್ತರದಲ್ಲಿದೆ. ಕೋಣೆ 22 ಡಿಗ್ರಿ ಇದ್ದರೆ, 38 ಡಿಗ್ರಿಯ ಬಯಲುಸೀಮೆ ಕೋಣೆಯಲ್ಲಿ ಇರುವುದಕ್ಕಿಂತ ಚಿಪ್ಪೂ ಹೆಚ್ಚುಕಡಿಮೆ ಆ 16 ಡಿಗ್ರಿಯಷ್ಟು ತಂಪಾಗಿರುತ್ತೆ. ಆದರೆ ಇದೇ ಚಳಿಯಿಂದ ಒಂದು ಕೆಟ್ಟ ಅಭ್ಯಾಸವೂ ಇದೆ: ಹಾಸಿಗೆ ಮೇಲೆ ಕಂಬಳಿ ಹೊದ್ದು, ಕಂಬಳಿ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು ಆಡುವುದು. ಗಾಳಿ ಒಳಗೆ ಹೋಗುವ ಕಿಂಡಿ ಇರುವುದು ತಳದಲ್ಲಿ. ಕಂಬಳಿ ಅದನ್ನು ಮುಚ್ಚುತ್ತೆ, ಜೊತೆಗೆ ಅದರ ನೂಲೂ ಒಳಗೆ ಹೋಗುತ್ತೆ. ಇಂಥ ಲ್ಯಾಪ್‌ಟಾಪ್‌ನ ತಳ ಬಿಚ್ಚಿ ಫ್ಯಾನ್ ತೆಗೆದರೆ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ಸಣ್ಣ ಹಲ್ಲುಗಳ ಮುಂದೆ ಬೂದು ಬಣ್ಣದ ಒಂದು ಪಟ್ಟಿ ಕೂತಿರುತ್ತೆ. ಧೂಳು, ನೂಲು, ಕೂದಲು ಸೇರಿ ಬಟ್ಟೆಯ ಹಾಗೆ ಗಟ್ಟಿಯಾಗಿರುತ್ತೆ. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಕಿತ್ತು ಬರುತ್ತೆ. ಅದನ್ನು ತೆಗೆದು ಪೇಸ್ಟ್ ಬದಲಿಸಿದರೆ ಸಾಕು, ಎಷ್ಟೋ ಲ್ಯಾಪ್‌ಟಾಪ್‌ಗಳು ಮತ್ತೆ ಮೊದಲಿನ ಹಾಗೆ ಓಡುತ್ತವೆ. ವರ್ಷಕ್ಕೊಮ್ಮೆ ಕ್ಲೀನ್ ಮಾಡಿಸಿ, ಎರಡು ವರ್ಷಕ್ಕೊಮ್ಮೆ ಪೇಸ್ಟ್ ಹಾಕಿಸಿ. ಆಡುವಾಗ ಗಟ್ಟಿ ಟೇಬಲ್ ಮೇಲೆ ಇಡಲಿ, ಹಿಂಬದಿ ಒಂದು ಇಂಚು ಎತ್ತಲಿ. ಗೇಮ್ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್‌ಗೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, ಮಿತಿ ಹಾಕಿಕೊಂಡರೆ ಬಿಸಿಯೂ ಇಳಿಯುತ್ತೆ, ಸದ್ದೂ ಇಳಿಯುತ್ತೆ. ದುಬಾರಿ ಕೂಲಿಂಗ್ ಪ್ಯಾಡ್‌ಗಿಂತ ಇಷ್ಟು ಜಾಸ್ತಿ ಕೆಲಸ ಮಾಡುತ್ತೆ.

ತೇವದ ಬಗ್ಗೆ ಚಿಕ್ಕದಾಗಿ. ದಿನಾ ಬಳಸುವ ಲ್ಯಾಪ್‌ಟಾಪ್ ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಗಲ್ಲಿ ಸುಮ್ನೆ ಇಟ್ಟರೆ ತೊಂದರೆ. ಬೇಲೂರು ಮೇಲೆ ಬಸ್ಸಲ್ಲಿ ಊರಿಗೆ ಬರುವಾಗ ಬ್ಯಾಗ್ ಒಳಗೊಂದು ಪ್ಲಾಸ್ಟಿಕ್ ಕವರ್ ಇರಲಿ. ಮನೆಗೆ ಬಂದ ಮೇಲೆ ಅದರಿಂದ ಹೊರಗೆ ತೆಗೆದಿಡಲಿ. ಬ್ಯಾಗಿಗೆ ಹಾಕುವ ಮೊದಲು ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಶಟ್‌ಡೌನ್ ಮಾಡಲಿ. ಇಲ್ಲದಿದ್ದರೆ ದಾರಿಯಲ್ಲಿ ತಾನೇ ಎದ್ದು ಬ್ಯಾಗೊಳಗೇ ಬಿಸಿಯಾಗುತ್ತಾ ಕೂರುತ್ತೆ.

ಕೊಳ್ಳುವಾಗ ಜನ ಹೆಚ್ಚು ಮೋಸ ಹೋಗುವುದು ಗ್ರಾಫಿಕ್ಸ್ ಕಾರ್ಡ್ ಹೆಸರಿನಲ್ಲಿ. ತೋಟಕ್ಕೆ ಸ್ಪ್ರಿಂಕ್ಲರ್ ಪಂಪ್ ತರುವಾಗ ನೀವು ಬಣ್ಣ, ಬ್ರ್ಯಾಂಡ್ ನೋಡಿ ಬಿಡಲ್ಲ, ಎಷ್ಟು ಎಚ್‌ಪಿ ಅಂತ ಕೇಳುತ್ತೀರಿ, ಅಲ್ವಾ? ಇಲ್ಲೂ ಹಾಗೆ ವ್ಯಾಟ್ ಕೇಳಬೇಕು. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಕಟ್ಟಿ ಮಾರಬಹುದು. ಪೆಟ್ಟಿಗೆ ಮೇಲಿನ ಹೆಸರು ಒಂದೇ, ಓಟ ಬೇರೆ ಬೇರೆ. ತೆಳು ಮೈಯಲ್ಲಿ ಕಡಿಮೆ ವ್ಯಾಟ್‌ಗೆ ಕಟ್ಟಿದ 4060ಗಿಂತ, ದಪ್ಪ ಮೈಯಲ್ಲಿ ಪೂರ್ತಿ ವ್ಯಾಟ್ ಕೊಟ್ಟ 4050 ಎಷ್ಟೋ ಆಟಗಳಲ್ಲಿ ಮುಂದೆ ಹೋಗಬಹುದು. ಈಗ 50ರ ಸರಣಿಯೂ ಬಂದಿದೆ, ಲೆಕ್ಕ ಅದೇ. ಈ ವ್ಯಾಟ್‌ಗೆ ಟಿಜಿಪಿ ಅನ್ನುತ್ತಾರೆ. ಕಂಪನಿಯ ವೆಬ್‌ಸೈಟ್‌ನ ಸ್ಪೆಸಿಫಿಕೇಶನ್ ಪುಟದಲ್ಲಿ ಹುಡುಕಲಿ. ಸಿಗದಿದ್ದರೆ ಚಾರ್ಜರ್ ನೋಡಿ. 230 ವ್ಯಾಟ್ ಚಾರ್ಜರ್ ಕೊಟ್ಟಿದ್ದರೆ ಒಳಗೆ ಹೆಚ್ಚು ವ್ಯಾಟ್ ಎಳೆಯುವ ಚಿಪ್ ಇದೆ ಅಂತ ಅಂದಾಜು ಸಿಗುತ್ತೆ.

ಡೆಸ್ಕ್‌ಟಾಪ್ ಕಾರ್ಡ್ ಹೆಸರಿಗೂ ಲ್ಯಾಪ್‌ಟಾಪ್ ಕಾರ್ಡ್ ಹೆಸರಿಗೂ ಗಂಟು ಹಾಕಬೇಡಿ. ಡೆಸ್ಕ್‌ಟಾಪ್‌ನ ಆರ್‌ಟಿಎಕ್ಸ್ 4070ಯಲ್ಲಿ 12 ಜಿಬಿ ಮೆಮೊರಿ, ಲೆಕ್ಕ ಮಾಡುವ 5888 ಸಣ್ಣ ಘಟಕ, ಅಂದರೆ ಕೋರ್ ಇವೆ. ಲ್ಯಾಪ್‌ಟಾಪ್‌ನ 4070ಯಲ್ಲಿ 8 ಜಿಬಿ, 4608 ಕೋರ್. ಒಂದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ಓಡುತ್ತೆ ಅನ್ನುವುದು ನಿಜ. ನಿಮ್ಮ ಮಗ ನಾಲ್ಕು ವರ್ಷ ಒಂದೇ ಮನೆಯಲ್ಲಿ ಇರುವ ಹಾಗಿದ್ದು, ಕರೆಂಟೂ ಸರಿ ಇದ್ದಿದ್ದರೆ ನಾನು ಅದನ್ನೇ ತನ್ನಿ ಅನ್ನುತ್ತಿದ್ದೆ. ಆದರೆ ಮೂಡಿಗೆರೆ ಮನೆಯಲ್ಲಿ ಡೆಸ್ಕ್‌ಟಾಪ್ ಇಟ್ಟು, ಹಾಸನದ ಹಾಸ್ಟೆಲ್‌ನಲ್ಲಿ ಅವನು ಲ್ಯಾಬ್ ಅಸೈನ್‌ಮೆಂಟ್ ಯಾವುದರಲ್ಲಿ ಮಾಡಬೇಕು? ಕೊನೆಗೆ ಎರಡು ಕೊಳ್ಳಬೇಕಾಗುತ್ತೆ.

ಬಾಕಿ ವಿಷಯ: ಗ್ರಾಫಿಕ್ಸ್ ಮೆಮೊರಿ ಆಮೇಲೆ ಹೆಚ್ಚಿಸಲು ಆಗಲ್ಲ, ಹಾಗಾಗಿ 6ಕ್ಕಿಂತ 8 ಜಿಬಿ ಸಿಕ್ಕರೆ ಒಳ್ಳೆಯದು. ರ‍್ಯಾಮ್ 16 ಜಿಬಿ ಇರಲಿ. ಒಂದೇ ಕಡ್ಡಿ ಹಾಕಿ ಮಾರಿದ್ದರೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಕೇಳಿ. ಎರಡು ಕಡ್ಡಿ ಜೋಡಿಯಾಗಿ ಇದ್ದರೆ ಗೇಮ್ ಚೆನ್ನಾಗಿ ಓಡುತ್ತೆ. ಪರದೆ 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದು, ಬಣ್ಣ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಸಣ್ಣದಾಗಿ ಬರೆದಿರುತ್ತಾರೆ. ಅದು ಮಂಕು ಪರದೆ. ಅಂಗಡಿಯಲ್ಲಿ ಅಂಥದ್ದನ್ನೂ ಒಳ್ಳೆಯ ಬಣ್ಣದ ಪರದೆಯನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಹೇಳಿ, ಕಣ್ಣಿಗೇ ಗೊತ್ತಾಗುತ್ತೆ.

ಬ್ಯಾಟರಿ ಮೇಲೆ ಗೇಮ್ ಆಡುವ ಆಸೆ ಅವನಿಗಿದ್ದರೆ ಅದನ್ನು ಈಗಲೇ ಬಿಡಲಿ. ವಿಮಾನದಲ್ಲಿ ಒಯ್ಯುವ ನಿಯಮದ ಕಾರಣ ಲ್ಯಾಪ್‌ಟಾಪ್ ಬ್ಯಾಟರಿಗಳು 100 ವ್ಯಾಟ್‌ಅವರ್ ದಾಟುವುದಿಲ್ಲ. ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್ ಚಿಪ್ ವೇಗ ಇಳಿಸಿಕೊಳ್ಳುತ್ತೆ. ಆಮೇಲೂ ಒಂದು ಗಂಟೆಯ ಆಸುಪಾಸಿಗೆ ಚಾರ್ಜ್ ಮುಗಿಯುತ್ತೆ. ಕ್ಲಾಸಿಗೆ ಒಯ್ಯುವ ದಿನ ಬಿಟ್ಟು ಉಳಿದ ದಿನ ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವ ಹಾಗೆ ಕಂಪನಿಯ ಆ್ಯಪ್‌ನಲ್ಲೇ ಸೆಟ್ ಮಾಡಿಕೊಳ್ಳಲಿ. ಲಿಥಿಯಂ ಬ್ಯಾಟರಿಗೆ ಪೂರ್ತಿ ಚಾರ್ಜ್ ಮತ್ತು ಬಿಸಿ ಎರಡೂ ಒಟ್ಟಿಗೆ ಸೇರುವುದು ಒಳ್ಳೆಯದಲ್ಲ. ಟಚ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ, ಒತ್ತಿದಾಗ ಕ್ಲಿಕ್ ಆಗದಿದ್ದರೆ, ಕೆಳಗೆ ಬ್ಯಾಟರಿ ಉಬ್ಬಿರಬಹುದು. ಅವತ್ತೇ ಬಳಸುವುದು ನಿಲ್ಲಿಸಿ ರಿಪೇರಿಯವರಿಗೆ ತೋರಿಸಬೇಕು. ಒತ್ತಿ ಕೂರಿಸಲು ಹೋಗಬಾರದು, ಬೆಂಕಿ ಹತ್ತುವ ಅಪಾಯ ಇದೆ.

ಕೆಟ್ಟಾಗ ಖರ್ಚು ಜಾಸ್ತಿ, ಇದು ಲ್ಯಾಪ್‌ಟಾಪ್‌ನ ದೊಡ್ಡ ಕೆಡುಕು. ಡೆಸ್ಕ್‌ಟಾಪ್‌ನಲ್ಲಿ ಪವರ್ ಸಪ್ಲೈ ಹೋದರೆ ಹಾಸನದಲ್ಲೇ ಇನ್ನೊಂದು ತಂದು ಸಂಜೆಯೊಳಗೆ ಹಾಕಬಹುದು. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತೆ. ಒಂದು ಹೋದರೆ ಇಡೀ ಬೋರ್ಡ್. ಮೂರು ವರ್ಷದ ನಂತರ ಹೊಸ ಗೇಮ್‌ಗೆ ಕಾರ್ಡ್ ಸಾಲದಿದ್ದರೆ ಅದೊಂದನ್ನೇ ಬದಲಿಸಲೂ ಆಗಲ್ಲ. ಕೀಬೋರ್ಡ್ ಮೇಲೆ ಒಂದು ಲೋಟ ಕಾಫಿ ಚೆಲ್ಲಿದರೆ ಅದರ ಕೆಳಗೇ ಇರುವ ಬೋರ್ಡ್‌ವರೆಗೂ ಹೋಗುತ್ತೆ. ಹಾಗೇನಾದರೂ ಆದರೆ ತಕ್ಷಣ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಬೋರಲು ಹಾಕಿ ನೇರ ರಿಪೇರಿಗೆ ತರಲಿ. ಆನ್ ಆಗುತ್ತಾ ಅಂತ ನೋಡಲು ಹೋಗಬಾರದು. ಎಷ್ಟೋ ಬೋರ್ಡ್‌ಗಳು ಸುಡುವುದು ಆ ಒಂದು ಸಲದಲ್ಲಿ. ಅಕ್ಕಿಯಲ್ಲಿ ಹೂತಿಟ್ಟರೆ ಹಾಲು, ಸಕ್ಕರೆ ಹೋಗಲ್ಲ.

ಇಂಟರ್‌ನೆಟ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ದೊಡ್ಡ ಗೇಮ್‌ಗಳು 100 ಜಿಬಿ ದಾಟುತ್ತವೆ. ಹಾಸನದಲ್ಲೇ ಡೌನ್‌ಲೋಡ್ ಮಾಡಿಕೊಂಡು ಬಂದು, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಆಫ್‌ಲೈನ್ ಮೋಡ್‌ನಲ್ಲಿ ಊರಲ್ಲಿ ಆಡಬಹುದು. ತೋಟದ ಮನೆಯ ಮೊಬೈಲ್ ನೆಟ್‌ನಲ್ಲಿ ಆನ್‌ಲೈನ್ ಶೂಟಿಂಗ್ ಗೇಮ್ ಆಡುವುದು ಕಷ್ಟ, ಸಿಗ್ನಲ್ ಏರಿಳಿದ ಹಾಗೆ ಆಟವೂ ಜಿಗಿಯುತ್ತೆ. ದುಡ್ಡು ಕೊಡದೆ ಆಡಲು ಬೀಗ ಮುರಿದ, ಅಂದರೆ ಕ್ರ್ಯಾಕ್ ಮಾಡಿದ ಗೇಮ್ ಮಾತ್ರ ಬೇಡವೇ ಬೇಡ ಅಂತ ಹೇಳಿ. ಆ ಲ್ಯಾಪ್‌ಟಾಪ್‌ನಲ್ಲೇ ಅವನ ಪ್ರಾಜೆಕ್ಟ್ ಇರುತ್ತೆ, ಇಮೇಲ್ ಇರುತ್ತೆ, ಬ್ಯಾಂಕ್ ಲಾಗಿನ್ ಇರುತ್ತೆ. ಕ್ರ್ಯಾಕ್ ಜೊತೆ ವೈರಸ್ ಬಂದರೆ ಎಲ್ಲವೂ ಒಟ್ಟಿಗೆ ಹೋಗುತ್ತೆ. ಸ್ಟೀಮ್‌ನಲ್ಲಿ ರೂಪಾಯಿ ಲೆಕ್ಕದಲ್ಲೇ ಗೇಮ್ ಸಿಗುತ್ತೆ, ಸೇಲ್‌ನಲ್ಲಿ ಬೆಲೆ ಬಹಳ ಇಳಿಯುತ್ತೆ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು.

ಮೈ ಬಗ್ಗೆ ಒಂದು ಮಾತು. ಪರದೆಗೂ ಕೀಬೋರ್ಡ್‌ಗೂ ಒಂದೇ ಕೀಲು. ಕೈಗೆ ಸರಿಯಾದ ಎತ್ತರಕ್ಕೆ ಇಟ್ಟರೆ ಕುತ್ತಿಗೆ ಬಗ್ಗುತ್ತೆ, ಕಣ್ಣಿಗೆ ಸರಿ ಮಾಡಿದರೆ ಭುಜ ಎತ್ತಬೇಕಾಗುತ್ತೆ. ಒಂದು ಸ್ಟ್ಯಾಂಡು, ಬೇರೆ ಕೀಬೋರ್ಡು, ಮೌಸು ತಂದುಕೊಡಿ. ಇದು ಗೇಮ್‌ಗಿಂತ ಹೆಚ್ಚಾಗಿ ಅವನ ಕೋಡಿಂಗ್‌ಗೆ ಬೇಕು. ಫ್ಯಾನ್ ಸದ್ದು ಮುಚ್ಚಲು ಹೆಡ್‌ಫೋನ್ ಸೌಂಡ್ ಏರಿಸುತ್ತಾ ಹೋಗುವುದು ಕಿವಿಗೆ ಕೆಟ್ಟದ್ದು, ಅದನ್ನೂ ಹೇಳಿ.

ಈಗ ಓದಿನ ಭಯ. ಇದನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಓದುವ ಪುಸ್ತಕ, ಆಡುವ ಆಟ ಒಂದೇ ಪರದೆಯಲ್ಲಿ, ಒಂದು ಕ್ಲಿಕ್ ಅಂತರದಲ್ಲಿ ಇರುತ್ತವೆ. 18 ವರ್ಷದ ಹುಡುಗ, ಮೊದಲ ಸಲ ಮನೆ ಬಿಟ್ಟು ಇರುವವನು. ಅವನಿಗೆ ಅದು ಕಷ್ಟವೇ. ವಿಂಡೋಸ್‌ನಲ್ಲಿ ಎರಡು ಯೂಸರ್ ಅಕೌಂಟ್ ಮಾಡಿಕೊಳ್ಳಲು ಹೇಳಿ, ಒಂದು ಕಾಲೇಜಿಗೆ, ಒಂದು ಆಟಕ್ಕೆ. ಕಂಪ್ಯೂಟರ್ ಸೈನ್ಸ್ ಹುಡುಗರು ಹೇಗೂ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಕಲಿಯಬೇಕು. ಓದಿಗೆ ಲಿನಕ್ಸ್, ಆಟಕ್ಕೆ ವಿಂಡೋಸ್ ಅಂತ ಬೇರೆ ಬೇರೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ವ್ಯಾಲರಂಟ್‌ನಂಥ ಗೇಮ್ ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ. ಆಡಬೇಕು ಅಂದರೆ ಬಂದ್ ಮಾಡಿ ಮತ್ತೆ ಶುರು ಮಾಡಬೇಕು. ಆ ಒಂದು ನಿಮಿಷದಲ್ಲಿ ಎಷ್ಟೋ ಸಲ ಮನಸ್ಸು ಬದಲಾಗುತ್ತೆ.

ಆಟದ ಆಸೆಯನ್ನು ಕೆಟ್ಟದ್ದು ಅಂತಲೇ ನೋಡಬೇಡಿ. ಅದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಅವನು ಮುಂದೆ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಬಹುದು. ಬ್ಲೆಂಡರ್, ಗೊಡಾಟ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ತಾನೇ ಒಂದು ಸಣ್ಣ ಗೇಮ್ ಕಟ್ಟಬಹುದು. ರಜೆಗೆ ಬಂದಾಗ ಅವನ ಪಕ್ಕ ಕೂತು ಏನು ಆಡುತ್ತೀಯ, ತೋರಿಸು ಅಂತ ಕೇಳಿ. ಹಾಗೆ ಕೇಳುವ ಅಪ್ಪನ ಹತ್ತಿರ ಮಕ್ಕಳು ಮುಚ್ಚಿಡುವುದು ಕಡಿಮೆ.

ಎಚ್ಚರಿಕೆ ಎಲ್ಲಿ ಬೇಕು ಅಂದರೆ, ದುಡ್ಡು ಕಟ್ಟಿ ಆಡುವ ಆಟಗಳಲ್ಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹೂಡಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾನೂನು ತಂದಿದೆ. ಕ್ರೀಡೆಯ ಹಾಗೆ ನಡೆಯುವ ಗೇಮ್ ಸ್ಪರ್ಧೆಗಳಿಗೆ, ಅಂದರೆ ಇ-ಸ್ಪೋರ್ಟ್ಸ್‌ಗೆ ಅದೇ ಕಾನೂನಿನಲ್ಲಿ ಮಾನ್ಯತೆ ಇದೆ. ಈ ವ್ಯತ್ಯಾಸ ಅವನಿಗೆ ಗೊತ್ತಿರಲಿ. ಇನ್ನೊಂದು, ಆಟದ ಹಿಡಿತ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ದಿನಕ್ಕೆ ಎಷ್ಟು ಗಂಟೆ ಆಡಿದ ಅನ್ನುವುದು ಅಲ್ಲಿ ಮುಖ್ಯವಲ್ಲ. ನಿಲ್ಲಿಸಲು ಆಗದಿರುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮುಂದಾಗುವುದು, ಓದು, ನಿದ್ದೆ, ಸಂಬಂಧ ಕೆಟ್ಟರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡಾಗ ಹಾಗೆ ಗುರುತಿಸುತ್ತಾರೆ. ಅಷ್ಟು ದಿನ ಕಾಯಬೇಕಿಲ್ಲ. ಹಗಲು ಮಲಗಿ ರಾತ್ರಿ ಏಳುವುದು, ಫೋನ್ ಎತ್ತದಿರುವುದು, ಕ್ಲಾಸ್ ತಪ್ಪುವುದು ಕಂಡರೆ ಬೈಯುವ ಮೊದಲು ಮಾತಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಲ್ಲಿವರೆಗೆ ಹೋಗುವುದು ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ದುಡ್ಡು ಹಂಚುವ ರೀತಿ. 90 ಸಾವಿರವನ್ನೂ ಲ್ಯಾಪ್‌ಟಾಪ್ ಒಂದಕ್ಕೇ ಸುರಿಯಬೇಡಿ. ಒಂದು ಮೆಟ್ಟಿಲು ಕೆಳಗಿನ ಕಾರ್ಡ್ ತೆಗೆದುಕೊಂಡು, ಉಳಿದದ್ದರಲ್ಲಿ ಮೂರು ವರ್ಷದ ವಾರಂಟಿ, ಜೊತೆಗೆ ಬಿದ್ದರೆ, ನೀರು ಚೆಲ್ಲಿದರೆ ಕಟ್ಟಿಕೊಡುವ ಪ್ಲಾನ್ ತೆಗೆದುಕೊಳ್ಳಿ. ವಾರಂಟಿ ಆನ್‌ಸೈಟ್ ಅಂತಾರೆ, ಆದರೆ ಅದು ಎಲ್ಲ ಪಿನ್‌ಕೋಡ್‌ಗೂ ಇರಲ್ಲ. ಹಾಸನದ ಹಾಸ್ಟೆಲ್ ಪಿನ್‌ಕೋಡ್, ಮನೆಯ ಪಿನ್‌ಕೋಡ್ ಎರಡನ್ನೂ ಹೇಳಿ, ಇಂಜಿನಿಯರ್ ಬರುತ್ತಾರಾ ಅಂತ ಕಂಪನಿಯ ಕಸ್ಟಮರ್ ಕೇರ್‌ಗೇ ಕೇಳಿ, ಅಂಗಡಿಯವರ ಬಾಯಿಮಾತಿಗೆ ನಿಲ್ಲಬೇಡಿ. ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಲ್ಯಾಪ್‌ಟಾಪ್ ತಳದ ನಂಬರ್‌ಗೆ ತಾಳೆ ನೋಡಿ. ತಂದ ದಿನವೇ ಚಾರ್ಜರ್ ಹಾಕಿ ಅರ್ಧ ಗಂಟೆ ಒಂದು ದೊಡ್ಡ ಗೇಮ್ ಓಡಿಸಲು ಮಗನಿಗೆ ಹೇಳಿ. ಪರದೆಯಲ್ಲಿ ಚುಕ್ಕೆ, ಫ್ಯಾನ್‌ನಲ್ಲಿ ಕಟಕಟ ಸದ್ದು, ತಾನೇ ಆಫ್ ಆಗುವುದು, ಏನಿದ್ದರೂ ಬದಲಿಸಿಕೊಳ್ಳುವ ಅವಧಿಯೊಳಗೇ ಗೊತ್ತಾಗಬೇಕು.